ಬಿಸಿಯಾದಾಗ ಎದ್ದೇಳದ ರೋಟರಿ: ಒಂದು ಆರ್‌ಎಕ್ಸ್-8 ಕಾರಿನ ಪ್ರಕರಣ

ಗಾಡಿ ಟೋಯಿಂಗ್ ಲಾರಿಯ ಮೇಲೆ ಬಂತು. ಮಾಲೀಕನ ಮೊದಲ ಮಾತು ಇಷ್ಟು: "ಅಣ್ಣಾ, ನಾನು ಏನೂ ಮಾಡಿಲ್ಲ. ತೊಳೆಯೋಣ ಅಂತ ಶೆಡ್ಡಿಂದ ಹತ್ತಡಿ ಆಚೆ ತಂದು ನಿಲ್ಲಿಸಿ ಆಫ್ ಮಾಡಿದೆ. ಮಾರನೇ ದಿನ ಎಷ್ಟು ಸೆಲ್ಫ್ ಹೊಡೆದ್ರೂ ಎದ್ದೇಳ್ತಿಲ್ಲ."

ಪಿಸ್ಟನ್ ಬದಲು ಮೂರು ಮೂಲೆಯ ರೋಟರ್ ಸುತ್ತುವ ರೋಟರಿ ಎಂಜಿನ್ನಿನ ಸಹವಾಸ ಇರುವವರಿಗೆ ಈ ಮಾತಿನಲ್ಲೇ ರೋಗದ ಹೆಸರು ಸಿಕ್ಕಿಬಿಡುತ್ತದೆ. ನನಗೂ ಸಿಕ್ಕಿತು. ಹೆಸರು ತಪ್ಪಾಗಿರಲಿಲ್ಲ, ಅಷ್ಟಕ್ಕೇ ನಿಂತದ್ದು ತಪ್ಪಾಯಿತು. ಗಾಡಿ ನಾಲ್ಕೇ ದಿನಕ್ಕೆ ವಾಪಸ್ ಬಂತು. ಎರಡನೇ ಸಲ ಮಾಡಿದ ಕೆಲಸವನ್ನು ಮೊದಲನೇ ಸಲವೇ ಮಾಡಬೇಕಿತ್ತು ಅನ್ನುವ ಕಾರಣಕ್ಕೆ ಇದನ್ನು ಅಳತೆಗಳ ಸಮೇತ ಬರೆದಿಡುತ್ತಿದ್ದೇನೆ.

ಕಾರು ಮಜ್ದಾ ಆರ್‌ಎಕ್ಸ್-8, ಮ್ಯಾನುಯಲ್ ಗೇರು. ಒಳಗಿರುವುದು ಎರಡು ರೋಟರಿನ ರೆನೆಸಿಸ್ ಎಂಜಿನ್. ಒಂದೊಂದು ರೋಟರಿನದು 654 ಸಿಸಿ, ಎರಡೂ ಸೇರಿ 1,308 ಸಿಸಿ. ಓಡಿರುವುದು 96,000 ಕಿಲೋಮೀಟರ್. ಈಗಿನ ಮಾಲೀಕ ಅದನ್ನು ಸೆಕೆಂಡ್ ಹ್ಯಾಂಡಲ್ಲಿ ಕೊಂಡು ನಾಲ್ಕು ತಿಂಗಳಾಗಿತ್ತು. ಹಿಂದಿನ ಸರ್ವಿಸ್ ದಾಖಲೆಯಲ್ಲಿ ಎಂಜಿನ್ ಆಯಿಲ್ ಮತ್ತು ಪ್ಲಗ್ ಬದಲಾಯಿಸಿದ್ದು ಕಂಡಿತು. ಪ್ಲಗ್ಗಿಗೆ ಕಿಡಿಯ ಕರೆಂಟ್ ಕೊಡುವ ಇಗ್ನಿಷನ್ ಕಾಯಿಲ್ ಬದಲಾಯಿಸಿದ್ದು ಎಲ್ಲೂ ಕಾಣಲಿಲ್ಲ. ಅದನ್ನು ಆವತ್ತು ನೋಡಿದೆ, ಆದರೆ ಮನಸ್ಸಿಗೆ ತಂದುಕೊಳ್ಳಲಿಲ್ಲ.

ಮೊದಲ ಭೇಟಿ

ಬಾನೆಟ್ ಎತ್ತುವ ಮೊದಲು ಒಂದು ಸಲ ಕೀ ತಿರುಗಿಸಿ ಕಿವಿಗೊಟ್ಟೆ. ರೋಟರಿಯಲ್ಲಿ ಕಿವಿಯೇ ಮೊದಲ ಮೀಟರು. ರೋಟರ್ ಒಂದು ಸುತ್ತು ಸುತ್ತುವಷ್ಟರಲ್ಲಿ ಅದು ತಿರುಗಿಸುವ ಮುಖ್ಯ ದಂಡ, ಎಕ್ಸೆಂಟ್ರಿಕ್ ಶಾಫ್ಟ್, ಮೂರು ಸುತ್ತು ಸುತ್ತುತ್ತದೆ. ರೋಟರಿಗೆ ಮೂರು ಮುಖ. ಹಾಗಾಗಿ ಶಾಫ್ಟಿನ ಒಂದೊಂದು ಸುತ್ತಿಗೂ ಒಂದೊಂದು ರೋಟರಿನಿಂದ ಒಂದು ಕಂಪ್ರೆಷನ್, ಅಂದರೆ ಒಳಗಿನ ಗಾಳಿಯ ಒಂದು ಒತ್ತುವಿಕೆ, ಸಿಗುತ್ತದೆ. ಎರಡು ರೋಟರಿದ್ದರೆ ಸುತ್ತಿಗೆ ಎರಡು. ಸೆಲ್ಫ್ ಮೋಟರ್ ನಿಮಿಷಕ್ಕೆ 250 ಸುತ್ತು ತಿರುಗಿಸಿದರೆ ನಿಮಿಷಕ್ಕೆ 500 ಮಿಡಿತ, ಅಂದರೆ ಸೆಕೆಂಡಿಗೆ ಎಂಟರಷ್ಟು. ಆರೋಗ್ಯವಾಗಿರುವ ಎಂಜಿನ್ನಿನಲ್ಲಿ ಈ ಮಿಡಿತ ಚುಕ್‌ಚುಕ್‌ಚುಕ್ ಅಂತ ಒಂದೇ ಸಮನೆ, ಒಂದೇ ತೂಕದಲ್ಲಿ ಕೇಳುತ್ತದೆ. ಈ ಗಾಡಿಯಲ್ಲಿ ಮಿಡಿತವೇ ಇರಲಿಲ್ಲ. ಮಿಕ್ಸಿಯನ್ನು ಖಾಲಿ ಓಡಿಸಿದ ಹಾಗೆ ಸುಯ್ಯೆಂದು ತಿರುಗಿತು. ಸೈಲೆನ್ಸರ್ ಬಾಯಿಂದ ಪೆಟ್ರೋಲ್ ಘಾಟು ಹೊಡೆಯುತ್ತಿತ್ತು.

ಇದಕ್ಕೆ ಗ್ಯಾರೇಜಿನಲ್ಲಿ ಫ್ಲಡ್ ಆಗಿದೆ ಅನ್ನುತ್ತಾರೆ. ತಣ್ಣಗಿರುವ ಎಂಜಿನ್ ಸ್ಟಾರ್ಟ್ ಮಾಡಿದಾಗ ಕಂಪ್ಯೂಟರ್ ಧಾರಾಳವಾಗಿ ಪೆಟ್ರೋಲ್ ಕೊಡುತ್ತದೆ. ಬಿಸಿಯಾಗಲು ಬಿಡದೆ ಅರ್ಧ ನಿಮಿಷದಲ್ಲಿ ಆಫ್ ಮಾಡಿದರೆ ಉರಿಯದೆ ಉಳಿದ ಪೆಟ್ರೋಲ್ ಒಳಗೇ ಕೂರುತ್ತದೆ. ಪಿಸ್ಟನ್ ಎಂಜಿನ್ನಿನಲ್ಲಿ ಆದರೆ ಕೆಳಗಿನಿಂದ ಎರಚುವ ಆಯಿಲ್ ರಿಂಗುಗಳಿಗೆ ಸಿಗುತ್ತಲೇ ಇರುತ್ತದೆ. ರೋಟರಿಯಲ್ಲಿ ರೋಟರಿನ ತುದಿಗಳಲ್ಲಿ ಗಾಳಿ ತಡೆಯುವ ಅಪೆಕ್ಸ್ ಸೀಲುಗಳಿಗೆ ಸಿಗುವುದು ಮೀಟರಿಂಗ್ ಪಂಪು ಅಳೆದು ಸುರಿಯುವ ಕೆಲವೇ ಹನಿ. ಆ ತೆಳು ಪದರವನ್ನು ಪೆಟ್ರೋಲ್ ತೊಳೆದುಬಿಟ್ಟರೆ ಸೀಲು ಗೋಡೆಗೆ ಕೂತಿದ್ದರೂ ಗಾಳಿ ತಡೆಯುವುದಿಲ್ಲ. ಕಂಪ್ರೆಷನ್ ಬೀಳುತ್ತದೆ, ಎಂಜಿನ್ ಹಿಡಿಯುವುದಿಲ್ಲ. ಹಿಡಿಯಲಿಲ್ಲವೆಂದು ಮತ್ತೆ ಸೆಲ್ಫ್ ಹೊಡೆದಷ್ಟೂ ಇಂಜೆಕ್ಟರ್ ಇನ್ನಷ್ಟು ಪೆಟ್ರೋಲ್ ಚಿಮ್ಮುತ್ತದೆ.

ಎಂಜಿನ್ ಸರಿಯಾಗಿರುವ ಗಾಡಿಯೂ ಹೀಗೆ ಒಮ್ಮೆ ಫ್ಲಡ್ ಆಗಬಹುದು. ನಾನು ಈ ಒಂದು ವಾಕ್ಯವನ್ನು ನೆಚ್ಚಿಕೊಂಡೆ.

ಬ್ಯಾಟರಿ ಇಳಿದುಹೋಗಿತ್ತು. ಚಾರ್ಜಿಗೆ ಹಾಕಿ, ಅಷ್ಟರಲ್ಲಿ ಪ್ಲಗ್ ಬಿಚ್ಚಿದೆ. ಈ ಎಂಜಿನ್ನಿನಲ್ಲಿ ನಾಲ್ಕು ಪ್ಲಗ್, ರೋಟರಿಗೆ ಎರಡರಂತೆ. ಕೆಳಗಿನದು ಲೀಡಿಂಗ್, ಮೇಲಿನದು ಟ್ರೇಲಿಂಗ್. ಎರಡೂ ನೋಡಲು ಅಣ್ಣತಮ್ಮಂದಿರ ಹಾಗಿದ್ದರೂ ಒಂದರ ಜಾಗಕ್ಕೆ ಇನ್ನೊಂದು ಸಲ್ಲ. ಲೀಡಿಂಗಿಗೆ ಆರ್‌ಇ7ಸಿ-ಎಲ್, ಟ್ರೇಲಿಂಗಿಗೆ ಆರ್‌ಇ9ಬಿ-ಟಿ. ತಾಪದ ದರ್ಜೆಯೇ ಬೇರೆ. ಅದಕ್ಕೆ ಬಿಚ್ಚುವ ಮುಂಚೆಯೇ ನಾಲ್ಕು ವೈರಿಗೂ ಟೇಪ್ ಸುತ್ತಿ ಗುರುತು ಬರೆದೆ. ಅದೇ ಗುರುತಿನ ನಾಲ್ಕು ಗುಳಿ ಇರುವ ಮರದ ತುಂಡಿನಲ್ಲಿ ಪ್ಲಗ್ಗುಗಳನ್ನು ನಿಲ್ಲಿಸಿದೆ. ನಾಲ್ಕೂ ಒದ್ದೆ. ಮುಂದಿನ ರೋಟರಿನವು ಬರೀ ಒದ್ದೆ. ಹಿಂದಿನ ರೋಟರಿನ ಲೀಡಿಂಗ್ ಪ್ಲಗ್ಗಿನ ಮೇಲೆ ಒದ್ದೆಯ ಕೆಳಗೆ ಮಸಿಯ ಗಟ್ಟಿ ಪದರ. ಉಗುರಿನಿಂದ ಕೆರೆದರೆ ಪುಡಿಯಾಗಿ ಉದುರಿತು. ಈ ಮಸಿ ಒಂದು ರಾತ್ರಿಯದ್ದಲ್ಲ, ವಾರಗಳದ್ದು. ಆವತ್ತು ನನ್ನ ಕಣ್ಣ ಮುಂದಿದ್ದ ಎರಡನೇ ಸುಳಿವು ಅದು.

ಕಾಯಿಲ್ ಕನೆಕ್ಟರ್ ತೆಗೆದು, ಪೆಟ್ರೋಲ್ ಪಂಪಿಗೆ ಕರೆಂಟ್ ನಿಲ್ಲಿಸಿ, ಪ್ಲಗ್ ಗುಳಿಗಳ ಮುಂದೆ ಬಟ್ಟೆ ಹಿಡಿದು ಐದೈದು ಸೆಕೆಂಡು ಸೆಲ್ಫ್ ಹೊಡೆದೆವು. ಗುಳಿಗಳಿಂದ ಪೆಟ್ರೋಲ್ ಮಂಜಿನ ಹಾಗೆ ಹಾರುತ್ತದೆ. ಒಂದು ಕಿಡಿ ಸಾಕು ಅನಾಹುತಕ್ಕೆ. ಈ ಕೆಲಸವನ್ನು ಬಯಲಲ್ಲೇ ಮಾಡಬೇಕು, ಕಾಯಿಲ್ ಕನೆಕ್ಟರನ್ನು ತೆಗೆದೇ ಮಾಡಬೇಕು. ಆಮೇಲೆ ಅರ್ಧ ಗಂಟೆ ಗುಳಿಗಳನ್ನು ತೆರೆದೇ ಬಿಟ್ಟು, ಸಿರಿಂಜಿನಲ್ಲಿ ಒಂದೊಂದು ರೋಟರಿಗೂ ಐದು ಮಿಲಿ ಎಂಜಿನ್ ಆಯಿಲ್ ಬಿಟ್ಟು, ಮುಂದಿನ ಪುಲ್ಲಿಯ ಬೋಲ್ಟಿಗೆ ಸ್ಪ್ಯಾನರ್ ಹಾಕಿ ಮುಂದಿನಿಂದ ನೋಡಿದಾಗ ಗಡಿಯಾರದ ಮುಳ್ಳಿನ ದಿಕ್ಕಿನಲ್ಲೇ ಕೈಯಲ್ಲಿ ತಿರುಗಿಸಿದೆ. ಎರಡು ಸುತ್ತು ಸಡಿಲವಾಗಿ ಹೋದ ಸ್ಪ್ಯಾನರ್ ಮೂರನೇ ಸುತ್ತಿಗೆ ಕೈಯನ್ನು ಹಿಂದಕ್ಕೆ ತಳ್ಳತೊಡಗಿತು. ಸೀಲು ಮತ್ತೆ ಗಾಳಿ ಹಿಡಿದಿದೆ ಅಂತ ಕೈಗೇ ಗೊತ್ತಾಯಿತು.

ಹೊಸ ಪ್ಲಗ್, ತುಂಬಿದ ಬ್ಯಾಟರಿ. ಆಕ್ಸಿಲರೇಟರನ್ನು ಪೂರಾ ಕೆಳಗೆ ಒತ್ತಿ ಸೆಲ್ಫ್. ಈ ಕಾರಿನಲ್ಲಿ ಪೆಡಲ್ ಪೂರಾ ಒತ್ತಿ ಸೆಲ್ಫ್ ಹೊಡೆದರೆ ಕಂಪ್ಯೂಟರ್ ಪೆಟ್ರೋಲ್ ಬಂದ್ ಮಾಡುತ್ತದೆ, ಬರೀ ಗಾಳಿ ಹೋಗುತ್ತದೆ. ನಾಲ್ಕೈದು ಸೆಕೆಂಡಾದ ಮೇಲೆ ಪೆಡಲನ್ನು ನಿಧಾನಕ್ಕೆ ಬಿಟ್ಟೆ. ಒಂದೆರಡು ಸಲ ಕೆಮ್ಮಿ ಹಿಡಿದುಕೊಂಡಿತು. ಒಳಗೆ ಬಿಟ್ಟ ಆಯಿಲ್ ಉರಿದು ಅಂಗಳವೆಲ್ಲ ಹೊಗೆ. ಡಿಪ್‌ಸ್ಟಿಕ್ಕಿನಲ್ಲಿ ಆಯಿಲ್ ಮಟ್ಟ ಮೇಲಿನ ಗೆರೆ ದಾಟಿತ್ತು, ಪೆಟ್ರೋಲ್ ವಾಸನೆಯೂ ಇತ್ತು. ಆಯಿಲ್ ಮತ್ತು ಫಿಲ್ಟರ್ ಬದಲಾಯಿಸಿ, ಮುಂದೆ ಯಾವತ್ತೂ ಬಿಸಿಯಾಗದೆ ಆಫ್ ಮಾಡಬೇಡ ಅಂತ ಹೇಳಿ ಕಳಿಸಿದೆ. ಕಂಪ್ರೆಷನ್ ಅಳೆಯಲಿಲ್ಲ.

ನಾಲ್ಕು ದಿನ ಬಿಟ್ಟು

ಫೋನ್ ಬಂತು. "ಅಣ್ಣಾ, ಬೆಳಿಗ್ಗೆ ಒಂದೇ ಸೆಲ್ಫಿಗೆ ಸ್ಟಾರ್ಟ್ ಆಗುತ್ತೆ. ಮುಕ್ಕಾಲು ಗಂಟೆ ಓಡಿಸಿ, ಹತ್ತು ನಿಮಿಷ ನಿಲ್ಲಿಸಿ ಬಂದ್ರೆ ಎದ್ದೇಳಲ್ಲ. ಒಂದು ಗಂಟೆ ಬಿಟ್ಟು ನೋಡಿದ್ರೆ ಸ್ಟಾರ್ಟ್ ಆಗುತ್ತೆ."

"ಇದು ಮೊದಲಿನಿಂದ ಇತ್ತಾ?"

ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದ: "ಒಂದು ತಿಂಗಳಿಂದ ಬಿಸಿ ಇದ್ದಾಗ ಸೆಲ್ಫ್ ಜಾಸ್ತಿ ಹೊತ್ತು ಹೊಡೀಬೇಕಿತ್ತು. ಇಂಥ ಗಾಡಿಗಳೆಲ್ಲ ಹಾಗೇ ಅಂದುಕೊಂಡಿದ್ದೆ."

ಈ ಪ್ರಶ್ನೆಯನ್ನು ಮೊದಲ ದಿನವೇ ಕೇಳಬೇಕಿತ್ತು. ರೋಟರಿಯಲ್ಲಿ ಸ್ಟಾರ್ಟಿಂಗ್ ತೊಂದರೆ ತಣ್ಣಗಿದ್ದಾಗಲೋ ಬಿಸಿಯಾಗಿದ್ದಾಗಲೋ ಅನ್ನುವುದರ ಮೇಲೆ ಹುಡುಕುವ ದಾರಿಯೇ ಬೇರೆಯಾಗುತ್ತದೆ. ರಾತ್ರಿಯಿಡೀ ನಿಂತ ಗಾಡಿ ಬೆಳಿಗ್ಗೆ ಕಷ್ಟಪಟ್ಟು, ಕುಂಟುತ್ತಾ, ಬಿಳಿ ಹೊಗೆ ಬಿಡುತ್ತಾ ಸ್ಟಾರ್ಟ್ ಆದರೆ ಕೂಲೆಂಟ್ ಒಳಕ್ಕೆ ಸೋರುತ್ತಿರಬಹುದೆಂದು ನೋಡಬೇಕು. ಬೆಳಿಗ್ಗೆ ಸಲೀಸು, ಬಿಸಿಯಾದಾಗ ಮುಷ್ಕರ ಅಂದರೆ ಮೊದಲ ಅನುಮಾನ ಕಂಪ್ರೆಷನ್ನಿನ ಮೇಲೆ. ತಣ್ಣಗಿರುವಾಗ ಆಯಿಲ್ ದಪ್ಪ. ಸೀಲಿನ ಸಂದುಗಳನ್ನು ತುಂಬಿ ಸೋರಿಕೆಯನ್ನು ಮುಚ್ಚಿಡುತ್ತದೆ. ಬಿಸಿಯಾದಾಗ ಅದೇ ಆಯಿಲ್ ನೀರಾಗುತ್ತದೆ, ಸೀಲು ತನ್ನ ನಿಜವಾದ ಸ್ಥಿತಿ ತೋರಿಸುತ್ತದೆ. ಮೇಲಾಗಿ ತಾಮ್ರದ ಸುರುಳಿ ಬಿಸಿಯಾದಷ್ಟೂ ಅದರ ರೋಧ ಏರುತ್ತದೆ, ಹಾಗಾಗಿ ಸೆಲ್ಫ್ ಮೋಟರೂ ಕಾಯಿಲ್‌ಗಳೂ ಬಿಸಿಯಲ್ಲಿ ಸೋಲುತ್ತವೆ. ಮೂರು ಬಲಹೀನತೆ ಒಂದೇ ಗಳಿಗೆಯಲ್ಲಿ ಕೂಡಿಕೊಳ್ಳುವುದು ಆಗಲೇ.

ಇಂಥ ಗಾಡಿ ಕಂಡ ಕೂಡಲೇ ಎಂಜಿನ್ ಹೋಯಿತು, ಬಿಚ್ಚಿ ಕಟ್ಟಬೇಕು ಅಂತ ತೀರ್ಪು ಕೊಡುವವರು ಬಹಳ. ನನಗೆ ಆ ಆತುರ ಸರಿ ಕಾಣುವುದಿಲ್ಲ. ತಿರುಗುವ ವೇಗ, ಕಿಡಿ, ಪೆಟ್ರೋಲ್, ಸೀಲು, ಈ ನಾಲ್ಕರಲ್ಲಿ ಯಾವುದು ಸೋತರೂ ಗಾಡಿಯ ಲಕ್ಷಣ ಒಂದೇ. ಸೀಲನ್ನು ದೂರುವ ಮುಂಚೆ ಉಳಿದ ಮೂರನ್ನೂ ಅಳೆಯಲೇಬೇಕು.

ತಿರುಗುವ ವೇಗ

ಸ್ಕ್ಯಾನರ್ ಹಾಕಿ, ಗಾಡಿಯನ್ನು ಓಡಿಸಿ ಪೂರಾ ಬಿಸಿ ಮಾಡಿ, ಹತ್ತು ನಿಮಿಷ ನಿಲ್ಲಿಸಿ ಸೆಲ್ಫ್ ಹೊಡೆದೆ. ನಿಮಿಷಕ್ಕೆ 190 ಸುತ್ತು. ಈ ಎಂಜಿನ್ನಿಗೆ ಕಂಪ್ರೆಷನ್ ಅಳತೆಯ ಲೆಕ್ಕವೇ 250 ಸುತ್ತಿಗೆ. ಸುತ್ತು ಕಡಿಮೆಯಾದಷ್ಟೂ ಗಾಳಿ ಸೀಲಿನ ಸಂದಿಯಲ್ಲಿ ತಪ್ಪಿಸಿಕೊಳ್ಳಲು ಸಮಯ ಹೆಚ್ಚು. 190ರಲ್ಲಿ ಒಳ್ಳೆಯ ಎಂಜಿನ್ನೂ ಸೊರಗಿದ ಹಾಗೆ ಕಾಣುತ್ತದೆ.

ಸೆಲ್ಫ್ ಹೊಡೆಯುವಾಗ ಬ್ಯಾಟರಿಯ ಎರಡು ಕಂಬಗಳ ನಡುವೆ 10.0 ವೋಲ್ಟ್, ಪರವಾಗಿಲ್ಲ. ಅದೇ ಹೊತ್ತಿನಲ್ಲಿ ಸೆಲ್ಫ್ ಮೋಟರಿನ ಬೋಲ್ಟು ಮತ್ತು ಅದರ ಮೈ ನಡುವೆ 8.6. ದಾರಿಯಲ್ಲಿ 1.4 ವೋಲ್ಟ್ ಎಲ್ಲೋ ಸೋರಿಹೋಗುತ್ತಿದೆ. ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಪ್ಲಸ್‌ಗೆ, ಇನ್ನೊಂದನ್ನು ಮೋಟರಿನ ಬೋಲ್ಟಿಗೆ ಇಟ್ಟು ಸೆಲ್ಫ್ ಹೊಡೆದರೆ 0.3. ಪ್ಲಸ್ ಕಡೆ ಚೊಕ್ಕ. ಬ್ಯಾಟರಿಯ ಮೈನಸ್‌ಗೂ ಎಂಜಿನ್ ಮೈಗೂ ಇಟ್ಟರೆ 1.1. ಕಳ್ಳ ಅರ್ತಿನಲ್ಲಿ.

ಅರ್ತ್ ಕೇಬಲ್ ಮೇಲಿಂದ ನೋಡಲು ಹೊಸದರ ಹಾಗೇ ಇತ್ತು. ಬೋಲ್ಟು ಬಿಗಿ, ಕೈಯಲ್ಲಿ ಅಲ್ಲಾಡಿಸಿದರೆ ಜಗ್ಗುವುದಿಲ್ಲ. ಬಿಚ್ಚಿ ಕೇಬಲ್ ತುದಿಯ ಲಗ್ಗನ್ನು ತಿರುಗಿಸಿ ನೋಡಿದೆ. ಕೆಳಮೈ ತುಂಬಾ ಬೂದು ಬಣ್ಣದ ಪುಡಿ, ಅಂಚಿನಲ್ಲಿ ಹಸಿರು. ಬೋಲ್ಟು ಕೂರುವ ಜಾಗದಲ್ಲಿ ಒಂದು ಕಾಳಿನಷ್ಟು ಅಗಲದಲ್ಲಿ ಮಾತ್ರ ಲೋಹ ಹೊಳೆಯುತ್ತಿತ್ತು. ಇಡೀ ಎಂಜಿನ್ ತಿರುಗಿಸುವ ಕರೆಂಟೆಲ್ಲ ಆ ಒಂದು ಕಾಳಿನಷ್ಟು ಜಾಗದಿಂದ ಹೋಗಬೇಕಿತ್ತು. ದೀಪಕ್ಕೆ, ಹಾರ್ನಿಗೆ ಅಷ್ಟು ಸಾಕಾಗುತ್ತದೆ. ಆದ್ದರಿಂದಲೇ ಬೇರೆ ಯಾವುದರಲ್ಲೂ ತೊಂದರೆ ಕಾಣುತ್ತಿರಲಿಲ್ಲ. ಮಲ್ಟಿಮೀಟರನ್ನು ಓಮ್‌ಗೆ ಇಟ್ಟು ಅಳೆದಿದ್ದರೂ ಸೊನ್ನೆಯೇ ತೋರಿಸುತ್ತಿತ್ತು. ಕರೆಂಟ್ ಹರಿಯುವಾಗ ಅಳೆದರೆ ಮಾತ್ರ ಈ ದೋಷ ಸಿಗುತ್ತದೆ. ಎರಡೂ ಮುಖಗಳನ್ನು ಮರಳು ಕಾಗದದಲ್ಲಿ ಉಜ್ಜಿ ಲೋಹ ಕಾಣಿಸಿ, ಬಿಗಿದು, ಮೇಲೆ ಗ್ರೀಸ್ ಸವರಿದೆ. 1.1 ಇದ್ದದ್ದು 0.15ಕ್ಕೆ ಇಳಿಯಿತು. ಬಿಸಿಯಲ್ಲಿ ಸುತ್ತು 190ರಿಂದ 225ಕ್ಕೆ ಏರಿತು.

225 ಕೂಡ ಸಾಲದು. ಸೆಲ್ಫ್ ಮೋಟರ್ ಬಿಚ್ಚಿದರೆ ಬ್ರಷ್‌ಗಳು ಸವೆದು ಮೊಂಡಾಗಿದ್ದವು. ಈ ಮಾದರಿಗೆ ನಂತರದ ವರ್ಷಗಳಲ್ಲಿ ಹೆಚ್ಚು ವೇಗವಾಗಿ ತಿರುಗಿಸುವ ಸೆಲ್ಫ್ ಮೋಟರ್ ಬಂದಿದೆ. ರಿಪೇರಿ ಮಾಡುವ ಬದಲು ಅದನ್ನೇ ಕೂರಿಸಿದೆ. ಈಗ ಬಿಸಿಯಲ್ಲಿ 275. ಮಿಡಿತ ಮೊದಲ ಸಲ ಬಿಡಿಬಿಡಿಯಾಗಿ ಕೇಳಿಸಿತು. ಐದು ಗಟ್ಟಿ ಮಿಡಿತಕ್ಕೆ ಒಂದು ಮಾತ್ರ ಮೆತ್ತಗೆ.

ಕಿಡಿ

ಬ್ಯಾಟರಿ ತಂತಿ ಬಿಚ್ಚಿ ಹಾಕಿದ್ದರಿಂದ ಈ ಕಾರಿನಲ್ಲಿ ಒಂದು ಕೆಲಸ ಮರೆಯಬಾರದು. ಕೀ ಆನ್ ಇಟ್ಟು, ಎಂಜಿನ್ ಸ್ಟಾರ್ಟ್ ಮಾಡದೆ, ಬ್ರೇಕ್ ಪೆಡಲನ್ನು ಬೇಗ ಬೇಗ 20 ಸಲ ತುಳಿಯಬೇಕು. ಆಯಿಲ್ ಪ್ರೆಷರ್ ಮುಳ್ಳು ಒಮ್ಮೆ ಎದ್ದು ಇಳಿಯುತ್ತದೆ. ಶಾಫ್ಟ್ ಸೆನ್ಸರಿನ ಹಳೆಯ ಲೆಕ್ಕವನ್ನು ಕಂಪ್ಯೂಟರ್ ಅಳಿಸಿ ಹೊಸದಾಗಿ ಕಲಿಯಲು ಇದು ದಾರಿ.

ನಾಲ್ಕು ಕಾಯಿಲ್‌ಗಳನ್ನೂ ಒಂದೇ ಅಂತರ ಇಟ್ಟ ಸ್ಪಾರ್ಕ್ ಟೆಸ್ಟರಿಗೆ ಒಂದರ ನಂತರ ಒಂದು ಹಾಕಿದೆ. ತಣ್ಣಗಿದ್ದಾಗ ನಾಲ್ಕೂ ಕಿಡಿ ಕೊಟ್ಟವು. ಇಲ್ಲಿಗೆ ನಿಲ್ಲಿಸಿದ್ದರೆ ಕಾಯಿಲ್ ಸರಿ ಇದೆ ಅಂತ ಬರೆದುಬಿಡುತ್ತಿದ್ದೆ. ಬಿಸಿ ಮಾಡಿ ಮತ್ತೆ ನೋಡಿದೆ. ಮೂರರ ಕಿಡಿ ನೀಲಿ, ಪಟಪಟ ಸದ್ದು. ಹಿಂದಿನ ರೋಟರಿನ ಲೀಡಿಂಗ್ ಕಾಯಿಲಿನದು ಕಿತ್ತಳೆ ಬಣ್ಣದ ಎಳೆ, ನಡುನಡುವೆ ತಪ್ಪುತ್ತಿತ್ತು. ಸ್ಟಾರ್ಟ್ ಆಗುವಾಗ ಭಾರ ಹೊರುವುದು ಲೀಡಿಂಗ್ ಕಿಡಿಯೇ. ಮೊದಲ ದಿನ ಮಸಿ ಗಟ್ಟಿ ಕಟ್ಟಿದ್ದ ಪ್ಲಗ್ ಇದೇ ಕಾಯಿಲಿನದ್ದು ಅನ್ನುವುದು ಆಗ ನೆನಪಾಗಿ ಕೈ ನಿಂತಿತು. ಮರದ ತುಂಡಿನ ಗುಳಿಯಲ್ಲಿ ಆ ಪ್ಲಗ್ ಇನ್ನೂ ಹಾಗೇ ನಿಂತಿತ್ತು.

ಆರ್‌ಎಕ್ಸ್-8ರಲ್ಲಿ ಕಾಯಿಲ್ ಅಂದರೆ ಪ್ಲಗ್ಗಿನ ಹಾಗೆ ಸವೆಯುವ ವಸ್ತು ಅಂತಲೇ ಭಾವಿಸಬೇಕು. ಒಂದು ಸೋತಿದ್ದರೆ ಉಳಿದ ಮೂರರ ವಯಸ್ಸೂ ಅಷ್ಟೇ. ನಾಲ್ಕನ್ನೂ ಒಟ್ಟಿಗೆ, ವೈರುಗಳ ಸಮೇತ ಬದಲಾಯಿಸಿದೆ. ಉರಿಯದ ಪೆಟ್ರೋಲ್ ಸೈಲೆನ್ಸರ್ ದಾರಿಯಲ್ಲಿ ಹೊಗೆ ಶುದ್ಧಿ ಮಾಡುವ ಕ್ಯಾಟಲಿಟಿಕ್ ಕನ್ವರ್ಟರಿಗೆ ಹೋಗಿ ಅಲ್ಲಿ ಉರಿಯುತ್ತದೆ. ಅದು ಕರಗಿ ಕಟ್ಟಿಕೊಂಡರೆ ಶಾಖ ಹಿಂದಕ್ಕೆ ಬಂದು ಎಂಜಿನ್ನನ್ನೇ ಸುಡುತ್ತದೆ. ಆಕ್ಸಿಜನ್ ಸೆನ್ಸರ್ ತೆಗೆದು ಆ ಜಾಗದಲ್ಲಿ ಪ್ರೆಷರ್ ಗೇಜ್ ಹಾಕಿ ನೋಡಿದೆ. ದಾರಿ ತೆರೆದೇ ಇತ್ತು, ನೆಮ್ಮದಿಯಾಯಿತು.

ಪೆಟ್ರೋಲ್ ಕಡೆ ಹೆಚ್ಚು ಹೇಳುವುದೇನಿಲ್ಲ. ಎಂಜಿನ್ ಆಫ್ ಮಾಡಿ ಅರ್ಧ ಗಂಟೆ ಆದರೂ ಇಂಜೆಕ್ಟರ್‌ಗಳಿಗೆ ಪೆಟ್ರೋಲ್ ಹಂಚುವ ಪೈಪಿನ ಒತ್ತಡ ಬೀಳಲಿಲ್ಲ, ಅಂದರೆ ಇಂಜೆಕ್ಟರ್ ತೊಟ್ಟಿಕ್ಕುತ್ತಿಲ್ಲ. ಕೂಲೆಂಟ್ ಸೆನ್ಸರ್ ತೋರಿಸುವ ಬಿಸಿಯೂ ಕೈ ಥರ್ಮಾಮೀಟರ್ ತೋರಿಸುವ ಬಿಸಿಯೂ ಹೊಂದಿದವು. ಕೂಲೆಂಟ್ ವ್ಯವಸ್ಥೆಗೆ ಒತ್ತಡ ಕೊಟ್ಟು ರಾತ್ರಿ ಬಿಟ್ಟೆ. ಬೆಳಿಗ್ಗೆ ಪ್ಲಗ್ ಗುಳಿ ಒಣಗೇ ಇತ್ತು.

ಸೀಲು

ರೋಟರಿಯ ಕಂಪ್ರೆಷನ್ನನ್ನು ಪಿಸ್ಟನ್ ಎಂಜಿನ್ನಿನ ಸಾಮಾನ್ಯ ಗೇಜಿನಲ್ಲಿ ಅಳೆಯಬಾರದು. ಅದು ಒಂದು ಗುಳಿಯ ಮುಂದೆ ಹಾಯುವ ಮೂರು ಮುಖಗಳಲ್ಲಿ ಅತಿ ಹೆಚ್ಚಿನದನ್ನು ಮಾತ್ರ ಹಿಡಿದಿಟ್ಟುಕೊಳ್ಳುತ್ತದೆ. ಒಂದು ಮುಖ ಸತ್ತೇ ಹೋಗಿದ್ದರೂ ಮುಳ್ಳು ಚೆನ್ನಾಗಿಯೇ ನಿಂತಿರುತ್ತದೆ. ಮೂರು ಮುಖಕ್ಕೂ ಬೇರೆ ಬೇರೆ ಅಂಕಿ ಕೊಡುವ, ಸುತ್ತನ್ನೂ ಜೊತೆಗೆ ಅಳೆದು 250ಕ್ಕೆ ಸರಿದೂಗಿಸುವ ರೋಟರಿ ಟೆಸ್ಟರೇ ಬೇಕು. ಸರಿದೂಗಿಸುವ ಲೆಕ್ಕ ಇದೆ ಅಂತ 190 ಸುತ್ತಿನಲ್ಲಿ ಅಳೆಯುವುದೂ ನನಗೆ ಒಪ್ಪಿಗೆಯಿಲ್ಲ. ಅದಕ್ಕೇ ಅರ್ತ್ ಮತ್ತು ಸೆಲ್ಫ್ ಮೋಟರ್ ಮುಗಿಯುವವರೆಗೆ ಟೆಸ್ಟರ್ ಮುಟ್ಟಿರಲಿಲ್ಲ.

ಈ ಎಂಜಿನ್ನಿಗೆ ಕಂಪನಿಯ ಮಾನದಂಡ 250 ಸುತ್ತಿನಲ್ಲಿ 830 ಕಿಲೊಪ್ಯಾಸ್ಕಲ್, ಕನಿಷ್ಠ 680. ಒಂದೇ ರೋಟರಿನ ಮುಖಗಳ ನಡುವಿನ ವ್ಯತ್ಯಾಸ 150 ದಾಟಬಾರದು, ಎರಡು ರೋಟರ್‌ಗಳ ನಡುವೆ 100 ದಾಟಬಾರದು. ಬಿಸಿ ಎಂಜಿನ್, ತುಂಬಿದ ಬ್ಯಾಟರಿ, ಪೆಡಲ್ ಪೂರಾ ಕೆಳಗೆ, ಪೆಟ್ರೋಲೂ ಕಿಡಿಯೂ ಬಂದ್. ಮುಂದಿನ ರೋಟರ್ 745, 730, 740. ಹಿಂದಿನ ರೋಟರ್ 700, 630, 690.

ಹಿಂದಿನದರ ಒಂದು ಮುಖ ಮಾತ್ರ ಕನಿಷ್ಠ ಗೆರೆಯ ಕೆಳಗಿತ್ತು. ಮೆತ್ತಗೆ ಕೇಳಿದ ಆ ಮಿಡಿತ ಇದೇ.

ಈ ಮೂರು ಅಂಕಿಗಳನ್ನು ಓದುವ ಬಗೆ ಸ್ವಲ್ಪ ವಿವರಿಸಬೇಕು, ಯಾಕೆಂದರೆ ಬಿಚ್ಚದೆ ಒಳಗಿನದನ್ನು ನೋಡಲು ಇರುವ ಕಿಟಕಿ ಇದೊಂದೇ. ರೋಟರಿನ ಮೂರು ತುದಿಗಳಲ್ಲಿ ಮೂರು ಅಪೆಕ್ಸ್ ಸೀಲು. ಒಂದೊಂದು ಅಪೆಕ್ಸ್ ಸೀಲೂ ಎರಡು ಮುಖಗಳ ನಡುವಿನ ಗೋಡೆ. ಅದು ಮುರಿದರೆ ಅಥವಾ ಸವೆದರೆ ಅಕ್ಕಪಕ್ಕದ ಎರಡೂ ಮುಖ ಸೋರುತ್ತವೆ, ಎರಡು ಅಂಕಿ ಒಟ್ಟಿಗೆ ಬೀಳುತ್ತವೆ. ತುದಿಯಲ್ಲೇ ಇರುವ ಕಾರ್ನರ್ ಸೀಲಿನದೂ ಅದೇ ಕಥೆ. ಸೈಡ್ ಸೀಲುಗಳು ಹಾಗಲ್ಲ. ಅವು ರೋಟರಿನ ಎರಡೂ ಚಪ್ಪಟೆ ಬದಿಗಳಲ್ಲಿ ಮುಖಕ್ಕೊಂದರಂತೆ ಇರುತ್ತವೆ, ತಮ್ಮ ಮುಖವನ್ನು ಮಾತ್ರ ಕಾಯುತ್ತವೆ. ಅದರಲ್ಲಿ ಒಂದು ಅಂಟಿಕೊಂಡರೆ ಬೀಳುವುದು ಒಂದೇ ಅಂಕಿ. ಮೂರೂ ಒಟ್ಟಿಗೆ ಕೆಳಗಿದ್ದರೆ ಇಡೀ ರೋಟರೋ ಅದು ಸುತ್ತುವ ಕವಚವಾದ ಹೌಸಿಂಗೋ ಸವೆದಿದೆ, ಇಲ್ಲವೇ ಪೆಟ್ರೋಲ್ ತೊಳೆದಿದೆ.

ಅಪೆಕ್ಸ್ ಸೀಲು ರೋಟರಿಯ ಹುಟ್ಟಿನಿಂದ ಬಂದ ನೋವು. ರೋಟರಿಯನ್ನು ರೂಪಿಸಿದ ಫೆಲಿಕ್ಸ್ ವ್ಯಾಂಕೆಲ್ ಅವರ ಮೊದಲ ಎಂಜಿನ್ 1957ರಲ್ಲಿ ಜರ್ಮನಿಯ ಎನ್‌ಎಸ್‌ಯು ಕಂಪನಿಯಲ್ಲಿ ಓಡಿತು. ಆಮೇಲೆ ಮಜ್ದಾದಲ್ಲಿ ಕೆನಿಚಿ ಯಮಮೊಟೊ ಅವರ ತಂಡ ಹೌಸಿಂಗ್ ಮೇಲೆ ಸೀಲು ನಡುಗಿ ಕೊರೆಯುವ ಗೀರುಗಳನ್ನು ಸೈತಾನನ ಉಗುರಿನ ಗುರುತು ಅಂತ ಕರೆಯಿತು. 1967ರಲ್ಲಿ ಮಜ್ದಾದ ಮೊದಲ ರೋಟರಿ ಕಾರು ಕಾಸ್ಮೊ ಸ್ಪೋರ್ಟ್ ಹೊರಬರುವ ಮುಂಚೆ ಅವರು ಹೆಚ್ಚು ತಲೆಕೆಡಿಸಿಕೊಂಡದ್ದು ಆ ಗೀರಿಗಾಗಿಯೇ. ಅಂಥ ಇತಿಹಾಸ ಇರುವುದರಿಂದ ಕಂಪ್ರೆಷನ್ ಬಿದ್ದ ಕೂಡಲೇ ಎಲ್ಲರ ಬೆರಳೂ ಅಪೆಕ್ಸ್ ಸೀಲಿನ ಕಡೆ ಹೋಗುತ್ತದೆ. ಇಲ್ಲಿ ಅಂಕಿಗಳು ಬೇರೆ ಕಡೆ ತೋರಿಸುತ್ತಿದ್ದವು. ಒಂದು ಮುಖ ಬಿದ್ದಿದೆ, ಅಕ್ಕಪಕ್ಕದ ಎರಡು ಕನಿಷ್ಠಕ್ಕಿಂತ ಮೇಲಿವೆ. ಇದು ಸೈಡ್ ಸೀಲು.

ರೆನೆಸಿಸ್‌ನಲ್ಲಿ ಹೊಗೆ ಹೋಗುವ ದಾರಿ ಪಕ್ಕದ ಗೋಡೆಯಲ್ಲಿದೆ. ಸೈಡ್ ಸೀಲು ಆ ದಾರಿಯ ಬಾಯಿಯ ಮೇಲೆಯೇ ಹಾಯಬೇಕು, ಹಾಗಾಗಿ ಮಸಿ ಅದು ಕೂರುವ ಸಂದಿನಲ್ಲಿ ಸೇರಿ ಅದನ್ನು ಅಲ್ಲಾಡದಂತೆ ಹಿಡಿಯುತ್ತದೆ. ಮಾಲೀಕನನ್ನು ಕೇಳಿದೆ, ಎಷ್ಟು ಸುತ್ತಿನ ತನಕ ಓಡಿಸ್ತೀಯ ಅಂತ. "ಪೆಟ್ರೋಲ್ ಉಳೀಲಿ ಅಂತ 3,000 ದಾಟಿಸೋದೇ ಇಲ್ಲ ಅಣ್ಣಾ." 9,000 ಸುತ್ತಿನವರೆಗೆ ಹೋಗಬಲ್ಲ ಎಂಜಿನ್ ಅದು. ಕಾಯಿಲ್ ಸೋತು ಅರೆಬರೆ ಉರಿಯುತ್ತಿದ್ದ ರೋಟರನ್ನು ತಿಂಗಳುಗಟ್ಟಲೆ ಕೆಳಸುತ್ತಿನಲ್ಲೇ ಓಡಿಸಿದರೆ ಮಸಿ ಕಟ್ಟದೆ ಇನ್ನೇನಾದೀತು.

ಇಷ್ಟಾದ ಮೇಲೆ ಬಿಡಿಬಿಡಿ ದೋಷಗಳು ಒಂದು ಸರಪಳಿಯಾಗಿ ಕಂಡವು. ಅರ್ತ್ ಕೆಟ್ಟು ಸೆಲ್ಫ್ ನಿಧಾನವಾಯಿತು. ನಿಧಾನವಾದ್ದರಿಂದ ಹೆಚ್ಚು ಹೊತ್ತು ಹೊಡೆಯಬೇಕಾಯಿತು, ಹೊಡೆದಷ್ಟೂ ಪೆಟ್ರೋಲ್ ಒಳಗೆ ಹೋಯಿತು. ಅದನ್ನು ಹೊತ್ತಿಸಬೇಕಾದ ಹಿಂದಿನ ಕಾಯಿಲ್ ಮೊದಲೇ ಸೋತಿತ್ತು, ಸೆಲ್ಫ್ ಹೊಡೆಯುವಾಗ ವೋಲ್ಟೇಜ್ ಕುಸಿದು ಇನ್ನೂ ಸೋತಿತು. ಹೊತ್ತದ ಪೆಟ್ರೋಲ್ ಆಯಿಲ್ ತೊಳೆದು ಮಸಿ ಕಟ್ಟಿತು, ಮಸಿ ಸೈಡ್ ಸೀಲನ್ನು ಹಿಡಿಯಿತು. ಗಾಡಿ ತೊಳೆಯಲು ಹತ್ತಡಿ ಸರಿಸಿದ್ದು ಈ ಸರಪಳಿಯ ಕೊನೆಯ ಕೊಂಡಿ ಅಷ್ಟೇ. ಆ ಹುಡುಗ ವಾರವಿಡೀ ತನ್ನನ್ನೇ ದೂಷಿಸಿಕೊಂಡಿದ್ದ. ಅವನಿಗೆ ಇದನ್ನು ಕೂರಿಸಿಕೊಂಡು ಹೇಳಿದೆ.

ಬಿಚ್ಚಬೇಕೇ, ಬೇಡವೇ

630 ಅಂಕಿಯನ್ನು ಮಾತ್ರ ಹಿಡಿದುಕೊಂಡರೆ ಎಂಜಿನ್ ಇಳಿಸಬೇಕು ಅನ್ನುವುದೇ ಪುಸ್ತಕದ ಉತ್ತರ. ಆದರೆ ಅಂಟಿಕೊಂಡ ಸೀಲು ಬೇರೆ, ಸವೆದ ಸೀಲು ಬೇರೆ. ಅಂಟಿದ್ದು ಬಿಡಿಸಿಕೊಳ್ಳಬಹುದು. ಆಗದಿದ್ದರೆ ಬಿಚ್ಚುವುದು ಇದ್ದೇ ಇದೆ ಎಂದು ಮಾಲೀಕನಿಗೆ ಮೊದಲೇ ಹೇಳಿ, ಒಪ್ಪಿಸಿ ಮುಂದುವರಿದೆ.

ಪ್ಲಗ್ ಗುಳಿಯಿಂದ ಮಸಿ ಕರಗಿಸುವ ದ್ರಾವಣ ಬಿಟ್ಟು, ಒಂದೊಂದು ಮುಖಕ್ಕೂ ಸಿಗುವಂತೆ ಕೈಯಲ್ಲಿ ತಿರುಗಿಸುತ್ತಾ, ರಾತ್ರಿಯಿಡೀ ನೆನೆಸಿದೆ. ಬೆಳಿಗ್ಗೆ ಪ್ಲಗ್ ಇಲ್ಲದೆ ತಿರುಗಿಸಿ ಹೊರಹಾಕಿದಾಗ ಬಿಳಿ ಬಟ್ಟೆಯ ಮೇಲೆ ಕಾಫಿ ಗಸಿಯಂಥ ಕರಿ ಕಾಳುಗಳು ಬಿದ್ದವು. ಮುಂದಿನ ರೋಟರಿನಿಂದ ಬಂದದ್ದು ಬರೀ ಕಂದು ನೀರು. ಆಮೇಲೆ ಎಂಜಿನ್ ಬಿಸಿ ಮಾಡಿ 2,500 ಸುತ್ತಿನಲ್ಲಿ ಹಿಡಿದು, ವ್ಯಾಕ್ಯೂಮ್ ಪೈಪಿನಿಂದ ಡಿಸ್ಟಿಲ್ಡ್ ವಾಟರನ್ನು ಸಣ್ಣ ನಳಿಗೆಯಲ್ಲಿ ಹನಿ ಹನಿಯಾಗಿ ಎಳೆಸಿದೆ. ಇಲ್ಲಿ ಅವಸರ ಪಡಬಾರದು. ನೀರು ಒಮ್ಮೆಲೇ ನುಗ್ಗಿದರೆ ಉಳಿದಿರುವ ಒಳ್ಳೆಯ ಸೀಲಿಗೂ ಏಟು. ಆಯಿಲ್ ಮತ್ತೆ ಬದಲಾಯಿಸಿದೆ. ಮೀಟರಿಂಗ್ ಪಂಪಿನ ಪೈಪುಗಳಲ್ಲಿ ಆಯಿಲ್ ಹರಿಯುತ್ತಿರುವುದನ್ನು ಕಣ್ಣಾರೆ ನೋಡಿಕೊಂಡೆ. ಅದು ನಿಂತಿದ್ದರೆ ಇಷ್ಟೆಲ್ಲ ಮಾಡಿಯೂ ಪ್ರಯೋಜನವಿಲ್ಲ.

ಮತ್ತೆ ಅಳೆದಾಗ ಹಿಂದಿನ ರೋಟರ್ 710, 685, 705. ಗೆರೆಯ ಮೇಲಕ್ಕೆ ಬಂತು, ಆದರೆ ಐದು ಅಂಕಿಯಷ್ಟೇ. ಬಿಸಿಯಲ್ಲಿ ಹತ್ತು ನಿಮಿಷ, ಇಪ್ಪತ್ತು ನಿಮಿಷ, ನಲವತ್ತು ನಿಮಿಷ ನಿಲ್ಲಿಸಿ ಸ್ಟಾರ್ಟ್ ಮಾಡಿ ನೋಡಿದೆ. ಮೂರೂ ಸಲ ಎರಡು ಸೆಕೆಂಡಿನೊಳಗೆ ಹಿಡಿಯಿತು.

ಗಾಡಿ ಕೊಡುವಾಗ ಅವನಿಗೆ ಹೇಳಿದ್ದು: ದಿನಾ ಎಂಜಿನ್ ಪೂರಾ ಬಿಸಿಯಾದ ಮೇಲೆ ಒಂದು ಸಲವಾದರೂ ಮೇಲಿನ ಸುತ್ತಿನವರೆಗೆ ಓಡಿಸು. ಪೆಟ್ರೋಲ್ ಹಾಕಿಸುವಾಗೆಲ್ಲ ಆಯಿಲ್ ನೋಡು, ಇದು ಆಯಿಲ್ ಕುಡಿಯಲೆಂದೇ ಕಟ್ಟಿದ ಎಂಜಿನ್. ಹತ್ತಡಿ ಸರಿಸಲೇಬೇಕಾದರೆ ನ್ಯೂಟ್ರಲ್‌ಗೆ ಹಾಕಿ ತಳ್ಳು, ಇಲ್ಲವೇ ಸ್ಟಾರ್ಟ್ ಮಾಡಿದ ಮೇಲೆ ಟೆಂಪರೇಚರ್ ಮುಳ್ಳು ನಡುವಿಗೆ ಬರುವ ತನಕ ಆಫ್ ಮಾಡಬೇಡ. ಸೆಲ್ಫ್ ಐದು ಸೆಕೆಂಡಿಗಿಂತ ಹೆಚ್ಚು ಹೊಡೆಯಬೇಕಾಗಿ ಬಂದ ದಿನ ಆರನೇ ಸೆಕೆಂಡಿಗೆ ಕಾಯದೆ ನನಗೆ ಫೋನ್ ಮಾಡು.

ಮೂರು ತಿಂಗಳು ಬಿಟ್ಟು ಅಳೆಯಲು ಕರೆಸಿಕೊಂಡೆ. ಮುಂದಿನ ರೋಟರ್ 745, 735, 740. ಹಿಂದಿನದು 715, 695, 710. ಬಿಸಿಯಲ್ಲಿ 270 ಸುತ್ತು, ಅರ್ತಿನಲ್ಲಿ 0.15 ವೋಲ್ಟ್. ಎಂಜಿನ್ ಹೊಸದಾಗಿಲ್ಲ, 830 ಇರಬೇಕಾದ ಜಾಗದಲ್ಲಿ ಎಲ್ಲವೂ ಏಳುನೂರರ ಆಸುಪಾಸಿನಲ್ಲಿವೆ, ಒಂದು ದಿನ ಇದನ್ನು ಇಳಿಸಿ ಸೀಲು ಹಾಕಲೇಬೇಕು. ಈ ಆರು ಅಂಕಿಗಳನ್ನು ಒಂದು ಚೀಟಿಯಲ್ಲಿ ಬರೆದು, ಒಂದು ಪ್ರತಿಯನ್ನು ಅವನ ಸರ್ವಿಸ್ ಪುಸ್ತಕದಲ್ಲಿಟ್ಟೆ, ಇನ್ನೊಂದನ್ನು ನಾನು ಇಟ್ಟುಕೊಂಡೆ. ಮುಂದಿನ ಅಳತೆ ಇನ್ನು ಮೂರು ತಿಂಗಳಿಗೆ.